ಮಾತು ಕಡಿಮೆಯ ಮಗಳು, ಕರೆಂಟಿನ ಓದು

"ಆಪಾ, ನಮ್ಮ ಹುಡುಗಿಗೆ ಲೆಕ್ಕದಲ್ಲಿ 96 ಬಂದಿದೆ. ಎಲೆಕ್ಟ್ರಿಕಲ್ ಓದುತ್ತೇನೆ ಅನ್ನುತ್ತಾಳೆ. ಆದರೆ ನಾಲ್ಕು ಜನರ ಮುಂದೆ ಬಾಯಿ ಬಿಡುವುದಿಲ್ಲ. ಮಾತೇ ಬಾರದವಳು ಇಂಜಿನಿಯರ್ ಆಗಿ ಏನು ಮಾಡ್ತಾಳೆ, ಬಿ.ಎ. ಮಾಡಿ ಟೀಚರ್ ಆಗಲಿ ಅಂತ ಅವಳ ಅಬ್ಬಾ ಹೇಳ್ತಾರೆ. ನೀವೇನು ಹೇಳ್ತೀರಿ?"

ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ಹನೂರಿನಲ್ಲಿ ಇಂಥ ಪ್ರಶ್ನೆ ಕೇಳುವ ತಾಯಂದಿರು ಪ್ರತಿ ವರ್ಷ ಇಬ್ಬರು ಮೂವರಾದರೂ ಸಿಗುತ್ತಾರೆ. ಮಾತು ಬಾರದವಳು ಟೀಚರ್ ಆಗಲಿ ಎಂಬುದನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ದಿನಕ್ಕೆ ಆರು ಪೀರಿಯಡ್, ಒಂದೊಂದರಲ್ಲಿ ಐವತ್ತು ಮಕ್ಕಳು, ಸಂಜೆ ಮನೆಗೆ ಬರುವ ಹೊತ್ತಿಗೆ ಗಂಟಲು ಒಣಗಿ ಹೋಗಿರುತ್ತದೆ. ಮಾತೇ ಬಂಡವಾಳವಾಗಿರುವ ಉದ್ಯೋಗ ಒಂದಿದ್ದರೆ ಅದು ನಮ್ಮದು. ಮಾತು ಕಡಿಮೆಯ ಮಗುವನ್ನು ಅದಕ್ಕೆ ತಳ್ಳಿ, ಎಲ್ಲಿ ಮಾತಿಗಿಂತ ಲೆಕ್ಕಕ್ಕೂ ಎಚ್ಚರಿಕೆಗೂ ಬೆಲೆಯಿದೆಯೋ ಆ ಬಾಗಿಲನ್ನು ಮುಚ್ಚಿಬಿಡುತ್ತೇವೆ. ಹುಡುಗಿ ಎದುರು ವಾದ ಮಾಡುವವಳಲ್ಲವಲ್ಲ, ಸುಮ್ಮನೆ ಒಪ್ಪಿಕೊಳ್ಳುತ್ತಾಳೆ. ಆದ್ದರಿಂದ ಅವಳ ಪರವಾಗಿ ಈ ತಿಂಗಳು ನಾನೇ ಸ್ವಲ್ಪ ಮಾತಾಡುತ್ತೇನೆ.

ಮೊದಲು ಮಗಳ ಮೌನ ಯಾವ ಬಗೆಯದು ಎಂದು ತಾಯಿಯಾದವಳು ನೋಡಬೇಕು. ಕೆಲವು ಮಕ್ಕಳು ಮನೆಯಲ್ಲಿ ಅರಳು ಹುರಿದಂತೆ ಮಾತಾಡುತ್ತಾರೆ, ಕ್ಲಾಸಿನಲ್ಲಿ ಮಾತ್ರ ಮೂಕರಾಗುತ್ತಾರೆ. ಇದು ಸ್ವಭಾವವಲ್ಲ. ಮನೆಯಲ್ಲಿ ದಖನಿ, ಶಾಲೆಯಲ್ಲಿ ಕನ್ನಡ, ಕಾಲೇಜಿಗೆ ಹೋದರೆ ಇಂಗ್ಲಿಷ್. ತಪ್ಪಾಡಿದರೆ ನಕ್ಕಾರು ಎಂಬ ಹೆದರಿಕೆ. ಇದು ಅಭ್ಯಾಸದಿಂದ ಹೋಗುತ್ತದೆ. ಇನ್ನು ಕೆಲವರು ಮೊನ್ನೆ ಮೊನ್ನೆಯವರೆಗೆ ಚೆನ್ನಾಗಿದ್ದವರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಾರೆ, ಊಟ ಬಿಡುತ್ತಾರೆ, ಶಾಲೆಗೆ ಹೋಗಲು ಹಿಂಜರಿಯುತ್ತಾರೆ. ಅಲ್ಲಿ ಉದ್ಯೋಗದ ಮಾತು ಬೇಡವೇ ಬೇಡ. ಬಾಗಿಲು ಹಾಕಿಕೊಂಡು ಪಕ್ಕದಲ್ಲಿ ಕುಳಿತು ಏನಾಯಿತೆಂದು ಕೇಳಬೇಕು, ಅವಶ್ಯವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಮೂರನೆಯ ಬಗೆಯವರು ಹುಟ್ಟಿನಿಂದಲೇ ಒಳಗೊಳಗೇ ಇರುವವರು. ಮದುವೆ ಮನೆಯಿಂದ ಬಂದ ಮೇಲೆ ಒಂದು ಗಂಟೆ ಒಬ್ಬರೇ ಕುಳಿತರೆ ಅವರಿಗೆ ಜೀವ ಬರುತ್ತದೆ. ಒಬ್ಬಿಬ್ಬರು ಗೆಳತಿಯರು ಸಾಕು. ಕೇಳಿದ್ದಕ್ಕೆ ಯೋಚಿಸಿ ಉತ್ತರಿಸುತ್ತಾರೆ. ಇಂಥವರನ್ನು ಅಂತರ್ಮುಖಿಗಳು ಎನ್ನುತ್ತಾರೆ. ಅಂತರ್ಮುಖಿ, ಬಹಿರ್ಮುಖಿ ಎಂಬ ವಿಭಾಗವನ್ನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯೂಂಗ್ 1921ರಲ್ಲಿ ಪ್ರಕಟಿಸಿದ ಪುಸ್ತಕದ ಮೂಲಕ ಪ್ರಚಾರಕ್ಕೆ ತಂದರು. ಅವರೂ ಅದನ್ನು ರೋಗವೆನ್ನಲಿಲ್ಲ. ನಮ್ಮಲ್ಲಿ ಮಾತ್ರ ಅಂಥ ಮಗುವಿಗೆ 'ಗುಮ್ಮನಗುಸಕಿ' ಎಂಬ ಬಿರುದು ಬೇಗ ಸಿಗುತ್ತದೆ. ಈ ಲೇಖನ ಮೂರನೆಯ ಬಗೆಯ ಹುಡುಗಿಯ ಕುರಿತು.

ಎಲೆಕ್ಟ್ರಿಕಲ್ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಕಂಬ ಹತ್ತುವ ಲೈನ್‌ಮ್ಯಾನ್ ಅಥವಾ ಕರೆಂಟ್ ಆಫೀಸಿನಲ್ಲಿ ಜನರ ಬೈಗುಳ ತಿನ್ನುತ್ತಾ ಕುಳಿತ ಅಧಿಕಾರಿ. ಹೆಣ್ಣುಮಕ್ಕಳ ತಂದೆಗೆ ಗಾಬರಿಯಾಗುವುದು ಸಹಜ. ಆದರೆ ನಮ್ಮ ಮನೆಯ ಬಲ್ಬಿನ ಹಿಂದೆ ಎಷ್ಟು ಮೇಜುಗಳಿವೆ, ಆ ಮೇಜುಗಳ ಮುಂದೆ ಎಷ್ಟು ಜನ ತುಟಿ ಬಿಚ್ಚದೆ ದಿನವಿಡೀ ಕೆಲಸ ಮಾಡುತ್ತಾರೆ ಎಂಬುದು ನಮಗೆ ಕಾಣುವುದಿಲ್ಲ.

ಬೇರೆಯವರಿಗಿಂತ ಮೊದಲು ಇದು ನಮಗೇ ಕಾಣಬೇಕಿತ್ತು. ಹನೂರಿನಿಂದ ಕೊಳ್ಳೇಗಾಲ ದಾಟಿ ಸತ್ತೇಗಾಲದ ಕಡೆಯಿಂದ ಹೋದರೆ ಶಿವನಸಮುದ್ರ. ರಜೆ ಬಂದರೆ ಬುತ್ತಿ ಕಟ್ಟಿಕೊಂಡು ಭರಚುಕ್ಕಿ, ಗಗನಚುಕ್ಕಿ ನೋಡಿ ಬರುತ್ತೇವೆ. ಅಲ್ಲಿ ಬ್ಲಫ್ ಎಂದು ಕರೆಯುವ ಜಾಗದಲ್ಲಿರುವ ವಿದ್ಯುತ್ ಮನೆ 1902ರಲ್ಲಿ ಕೆಲಸ ಆರಂಭಿಸಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ತೀರ್ಮಾನವಾದ ಯೋಜನೆ. ಅದು ಮುಗಿಯುವ ಮೊದಲೇ, 1901ರಲ್ಲಿ ಅವರು ತೀರಿಕೊಂಡರು. ಕಾವೇರಿಯ ನೀರಿನಿಂದ ಹುಟ್ಟಿದ ಕರೆಂಟು ಮೊದಲು ಹೋದದ್ದು ಮೈಸೂರಿಗೂ ಅಲ್ಲ, ಬೆಂಗಳೂರಿಗೂ ಅಲ್ಲ. 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ. ಆ ಕಾಲದಲ್ಲಿ ಅಷ್ಟು ದೂರ ತಂತಿಯಲ್ಲಿ ಕರೆಂಟ್ ಕಳಿಸುವುದು ಲೋಕವೇ ಬೆರಗಾಗುವ ಸಂಗತಿ. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ.

147 ಕಿಲೋಮೀಟರ್ ತಂತಿ ಎಳೆಯಲು ಸಾವಿರಾರು ಕೂಲಿಗಳು ಬೇಕಾಗಿದ್ದರು ನಿಜ. ಆದರೆ ಅದಕ್ಕೆ ಮೊದಲು ಯಾರೋ ಕಾಗದದ ಮುಂದೆ ಕುಳಿತು ಲೆಕ್ಕ ಹಾಕಿರಬೇಕಲ್ಲ? ತಂತಿ ಎಷ್ಟು ದಪ್ಪವಿರಬೇಕು, ಬಿಸಿಲಿಗೆ ಎಷ್ಟು ಜೋತು ಬೀಳುತ್ತದೆ, ಎರಡು ಕಂಬಗಳ ನಡುವೆ ಎಷ್ಟು ಅಂತರ, ದಾರಿಯಲ್ಲಿ ಎಷ್ಟು ಕರೆಂಟ್ ಸೋರಿ ಹೋಗುತ್ತದೆ ಎಂದು? ಇದು ವಿನ್ಯಾಸದ ಕೆಲಸ, ಇವತ್ತಿಗೂ ನಡೆಯುವ ಕೆಲಸ. 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ಅದೇ ಕೋಲಾರಕ್ಕೆ ಸುಮಾರು 1,370 ಕಿಲೋಮೀಟರ್ ಉದ್ದದ, 5 ಲಕ್ಷ ವೋಲ್ಟಿನ ಲೈನ್ ಬಂತು. ಅಂದು ಕೈಯಲ್ಲಿ ಮಾಡುತ್ತಿದ್ದ ಲೆಕ್ಕವನ್ನು ಈಗ ಕಂಪ್ಯೂಟರಿನಲ್ಲಿ ಮಾಡುತ್ತಾರೆ. ಆದರೆ ಬೇಕಾದ ಗುಣ ಅದೇ: ಗಂಟೆಗಟ್ಟಲೆ ಒಂದೇ ಕಡೆ ಕುಳಿತು, ಒಂದು ಅಂಕಿಯೂ ತಪ್ಪದಂತೆ ನೋಡಿಕೊಳ್ಳುವ ತಾಳ್ಮೆ. ನಮ್ಮ ಕಡೆ ರೇಷ್ಮೆ ಬಿಚ್ಚುವ ಮನೆಗಳ ಹೆಂಗಸರಿಗೆ ಈ ತಾಳ್ಮೆ ಏನೆಂದು ಗೊತ್ತು. ಎಳೆ ಕಡಿದರೆ ಕೂಗಾಡಿ ಪ್ರಯೋಜನವಿಲ್ಲ, ತುದಿ ಹುಡುಕಬೇಕು.

ಈ ಕೆಲಸವನ್ನು ನಮ್ಮ ದೇಶದ ಹೆಣ್ಣುಮಗಳೊಬ್ಬಳು ಎಂದೋ ಮಾಡಿ ತೋರಿಸಿದ್ದಾರೆ. ಅಯ್ಯಲಸೋಮಯಾಜುಲ ಲಲಿತಾ ಎಂದು ಅವರ ಹೆಸರು. 1919ರಲ್ಲಿ ಮದ್ರಾಸಿನಲ್ಲಿ ಹುಟ್ಟಿದರು. 15 ವರ್ಷಕ್ಕೆ ಮದುವೆ, 18ಕ್ಕೆ ವೈಧವ್ಯ. ಮಡಿಲಲ್ಲಿ ನಾಲ್ಕು ತಿಂಗಳ ಹೆಣ್ಣು ಕೂಸು. ಅಂದಿನ ಸಮಾಜದಲ್ಲಿ ಎಳೆ ವಿಧವೆಯ ಬಾಳು ಹೇಗಿತ್ತೆಂದು ಹೇಳಬೇಕಾಗಿಲ್ಲ. ಅವರ ತಂದೆ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಪ್ರೊಫೆಸರ್. ಅಲ್ಲಿಯವರೆಗೆ ಆ ಕಾಲೇಜಿನಲ್ಲಿ ಹುಡುಗರು ಮಾತ್ರ ಓದುತ್ತಿದ್ದರು. ತಂದೆ ಹಟ ಹಿಡಿದು ಅನುಮತಿ ಪಡೆದು ಮಗಳನ್ನು ಸೇರಿಸಿದರು. 1943ರಲ್ಲಿ ಅವರು ಪದವಿ ಪಡೆದಾಗ ಪ್ರಮಾಣಪತ್ರದಲ್ಲಿ ಅಚ್ಚಾಗಿದ್ದ 'ಅವನು' ಎಂಬುದನ್ನು ಹೊಡೆದು ಹಾಕಿ 'ಅವಳು' ಎಂದು ಕೈಯಲ್ಲಿ ಬರೆದು ಕೊಡಬೇಕಾಯಿತಂತೆ. ಭಾರತದ ಮೊದಲ ಮಹಿಳಾ ಎಲೆಕ್ಟ್ರಿಕಲ್ ಇಂಜಿನಿಯರ್ ಅವರು.

ಮುಂದೆ ಶಿಮ್ಲಾದಲ್ಲಿ ಕೆಲಸ ಮಾಡಿ, ಆಮೇಲೆ ಕಲ್ಕತ್ತೆಯ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಎಂಬ ಕಂಪನಿ ಸೇರಿದರು. ಅಲ್ಲಿ ಅವರು ಮಾಡಿದ್ದು ವಿದ್ಯುತ್ ಲೈನುಗಳ ವಿನ್ಯಾಸ, ಸಬ್‌ಸ್ಟೇಷನ್‌ಗಳ ನಕ್ಷೆ, ರಕ್ಷಣಾ ಸಾಧನಗಳ ಕೆಲಸ. ಭಾಕ್ರಾ ನಂಗಲ್ ಅಣೆಕಟ್ಟಿನಿಂದ ಹೊರಡುವ ಕರೆಂಟಿನ ವ್ಯವಸ್ಥೆಯಲ್ಲೂ ಅವರ ಕೈವಾಡವಿದೆ. ಅಣ್ಣತಮ್ಮಂದಿರ ಮನೆಯಲ್ಲಿದ್ದುಕೊಂಡು, ಮಗಳನ್ನು ಬೆಳೆಸುತ್ತಾ, ಆಫೀಸಿನ ಮೇಜಿನ ಮೇಲೆ ಇಷ್ಟನ್ನೂ ಮಾಡಿದರು. 1964ರಲ್ಲಿ ನ್ಯೂಯಾರ್ಕಿನಲ್ಲಿ ಮಹಿಳಾ ಇಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಾಗ ಅಲ್ಲಿಗೂ ಹೋಗಿ ಬಂದರು. 1979ರಲ್ಲಿ ತೀರಿಕೊಂಡರು. ಅವರು ಮಾತುಗಾರ್ತಿಯೋ ಮೌನಿಯೋ ಎಂಬುದು ಇಲ್ಲಿ ಮುಖ್ಯವಲ್ಲ. ಅವರ ಕೆಲಸ ಯಾವುದಿತ್ತು ನೋಡಿ: ಅದರಲ್ಲಿ ಅಳೆಯುತ್ತಿದ್ದದ್ದು ಲೆಕ್ಕವನ್ನು, ನಾಲಗೆಯನ್ನಲ್ಲ.

ಮದ್ರಾಸು ದೂರವಾಯಿತೆನ್ನುವವರಿಗೆ ನಂಜನಗೂಡು ಹತ್ತಿರವೇ ಇದೆ. ರಾಜೇಶ್ವರಿ ಚಟರ್ಜಿ 1922ರಲ್ಲಿ ಹುಟ್ಟಿದ್ದು ಅಲ್ಲಿ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸಂಶೋಧನೆಗೆ ಸೇರಿದರು. ಸರಕಾರದ ವಿದ್ಯಾರ್ಥಿವೇತನದಲ್ಲಿ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯಕ್ಕೆ ಹೋಗಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿ, 1953ರಲ್ಲಿ ಡಾಕ್ಟರೇಟ್‌ನೊಂದಿಗೆ ಮರಳಿ ಅದೇ ಸಂಸ್ಥೆಯಲ್ಲಿ ಅಧ್ಯಾಪಕಿಯಾದರು. ಮೈಕ್ರೋವೇವ್ ಮತ್ತು ಆಂಟೆನಾ ಅವರ ವಿಷಯ. ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಅವರನ್ನು ಗುರುತಿಸುತ್ತಾರೆ. 2010ರಲ್ಲಿ ನಿಧನರಾದರು. ಎಪ್ಪತ್ತೈದು ವರ್ಷಕ್ಕೂ ಹಿಂದೆ ನಂಜನಗೂಡಿನ ಹುಡುಗಿಗೆ ಸಾಧ್ಯವಾದ ಓದು ಇಂದು ಹನೂರಿನ ಹುಡುಗಿಗೆ ಏಕೆ ದೊಡ್ಡದಾಗಿ ಕಾಣಬೇಕು?

ಲಲಿತಾ ಅವರ ಕೆಲಸದಲ್ಲಿ 'ರಕ್ಷಣೆ' ಎಂಬ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮಾತು ಕಡಿಮೆಯ, ಲೆಕ್ಕ ಚೆನ್ನಾಗಿರುವ ಮಕ್ಕಳಿಗೆ ಇದಕ್ಕಿಂತ ಒಪ್ಪುವ ಕೆಲಸ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲವೆಂದು ನನ್ನ ಅನಿಸಿಕೆ. ನಮ್ಮ ಮನೆಯಲ್ಲಿ ಶಾರ್ಟ್ ಸರ್ಕಿಟ್ ಆದರೆ ಫ್ಯೂಸ್ ಹೋಗುತ್ತದೆ ಅಥವಾ ಎಂ.ಸಿ.ಬಿ. ಟ್ರಿಪ್ ಆಗುತ್ತದೆ. ದೊಡ್ಡ ಲೈನುಗಳಲ್ಲಿ ಈ ಕೆಲಸ ಮಾಡುವುದು ರಿಲೇ ಎಂಬ ಸಾಧನ. ಲೈನಿನಲ್ಲಿ ದೋಷ ಬಂದರೆ ಒಂದು ಸೆಕೆಂಡಿನ ಸಣ್ಣ ಪಾಲಿನಲ್ಲಿ ಅದು ಗುರುತಿಸಿ ಬ್ರೇಕರ್‌ಗೆ ತೆರೆಯಲು ಹೇಳಬೇಕು. ಆದರೆ ಯಾವುದು ದೋಷ, ಯಾವುದು ಬರೀ ಹೆಚ್ಚಿನ ಹೊರೆ ಎಂದು ರಿಲೇಗೆ ತಾನಾಗಿ ಗೊತ್ತಾಗುವುದಿಲ್ಲ. ಎಷ್ಟಕ್ಕೆ ತೆರೆಯಬೇಕು, ಎಷ್ಟು ಹೊತ್ತು ಕಾಯಬೇಕು, ಪಕ್ಕದ ರಿಲೇಗಿಂತ ಮೊದಲೋ ಆಮೇಲೋ ಎಂಬುದನ್ನು ಇಂಜಿನಿಯರ್ ಲೆಕ್ಕ ಹಾಕಿ ಹೊಂದಿಸಿರಬೇಕು. ಆ ಲೆಕ್ಕ ಮಾಡುವವರು ಯಾರಿಗೂ ಕಾಣುವುದಿಲ್ಲ. ಸರಿಯಾಗಿದ್ದರೆ ಯಾರೂ ಅವರನ್ನು ನೆನೆಯುವುದೂ ಇಲ್ಲ, ನಮ್ಮ ಅಡುಗೆಯ ಉಪ್ಪಿನ ಹಾಗೆ.

2012ರ ಜುಲೈ 30ರ ರಾತ್ರಿ ಎರಡೂವರೆಯ ಹೊತ್ತಿಗೆ ಉತ್ತರ ಭಾರತ ಕತ್ತಲಾಯಿತು. ಮರುದಿನ ಮಧ್ಯಾಹ್ನ ಮತ್ತೆ ಉತ್ತರ, ಪೂರ್ವ, ಈಶಾನ್ಯ ಮೂರೂ ಭಾಗಗಳು ಕತ್ತಲಾದವು. ಸುಮಾರು 60 ಕೋಟಿ ಜನರ ಮೇಲೆ ಅದರ ಪರಿಣಾಮವಾಯಿತು. ರೈಲುಗಳು ನಿಂತವು, ಗಣಿಯೊಳಗೆ ಕಾರ್ಮಿಕರು ಸಿಕ್ಕಿಕೊಂಡರು. ಆರಂಭವಾದದ್ದು ಬೀನಾ–ಗ್ವಾಲಿಯರ್ ನಡುವಿನ ಒಂದು ಲೈನಿನಿಂದ. ಅಲ್ಲಿ ದೋಷವೇ ಇರಲಿಲ್ಲ. ಹೊರೆ ಮಿತಿಮೀರಿತ್ತು, ಅದನ್ನೇ ದೋಷವೆಂದು ಎಣಿಸಿ ರಿಲೇ ಲೈನನ್ನು ಕಡಿದು ಹಾಕಿತು. ಆ ಹೊರೆ ಪಕ್ಕದ ಲೈನುಗಳ ಮೇಲೆ ಬಿತ್ತು, ಅವೂ ಸಾಲಾಗಿ ಬಿದ್ದವು. ಕಾರಣ ಒಂದೇ ಅಲ್ಲ, ರಾಜ್ಯಗಳು ಪಾಲಿಗಿಂತ ಹೆಚ್ಚು ಎಳೆದುಕೊಂಡಿದ್ದವು, ಕೆಲವು ಲೈನುಗಳು ದುರಸ್ತಿಗೆ ಹೋಗಿದ್ದವು. ನಮ್ಮ ದಕ್ಷಿಣದ ಜಾಲ ಆಗ ಅದರ ಜೊತೆ ಬೆಸೆದಿರಲಿಲ್ಲವಾದ್ದರಿಂದ ನಾವು ಉಳಿದೆವು. ಬೆಸೆದದ್ದು 2013ರ ಡಿಸೆಂಬರ್ 31ರಂದು, ನಮ್ಮ ರಾಯಚೂರಿನಿಂದ ಸೊಲ್ಲಾಪುರಕ್ಕೆ ಹೋಗುವ ಲೈನಿನ ಮೂಲಕ. ಈಗ ದೇಶಕ್ಕೆಲ್ಲ ಒಂದೇ ಜಾಲ. ಅಂದರೆ ಎಲ್ಲೋ ಕುಳಿತ ಮೌನಿಯೊಬ್ಬಳ ಲೆಕ್ಕ ಸರಿಯಿದೆಯೇ ಎಂಬುದು ನಮ್ಮೂರಿನ ಆಸ್ಪತ್ರೆಯ ದೀಪಕ್ಕೂ ಸಂಬಂಧಪಟ್ಟ ವಿಷಯ.

ಇನ್ನು ಸಬ್‌ಸ್ಟೇಷನ್. ಊರ ಹೊರಗೆ ಬೇಲಿಯೊಳಗೆ ಕಬ್ಬಿಣದ ಕಂಬಗಳ ತೋಪಿನಂತೆ ಕಾಣುತ್ತದಲ್ಲ, ಅದು. ಒಳಗೆ ಪಾಳಿಯಲ್ಲಿ ಒಬ್ಬರೋ ಇಬ್ಬರೋ ಇರುತ್ತಾರೆ. ಗಂಟೆಗೊಮ್ಮೆ ಮೀಟರುಗಳನ್ನು ನೋಡಿ ಪುಸ್ತಕದಲ್ಲಿ ಬರೆಯುವುದು, ಟ್ರಾನ್ಸ್‌ಫಾರ್ಮರಿನ ಬಿಸಿ ನೋಡುವುದು, ಮೇಲಿನಿಂದ ಸೂಚನೆ ಬಂದರೆ ಫೀಡರ್ ತೆಗೆಯುವುದು, ಹಾಕುವುದು. ಹಲವು ಸಬ್‌ಸ್ಟೇಷನ್‌ಗಳ ಲೆಕ್ಕವನ್ನು ಒಟ್ಟಾಗಿ ನೋಡುವ ರಾಜ್ಯ ಮಟ್ಟದ ಲೋಡ್ ಡಿಸ್ಪ್ಯಾಚ್ ಕೇಂದ್ರ ಬೆಂಗಳೂರಿನಲ್ಲಿದೆ. ಅಲ್ಲಿ ಕುಳಿತವರ ಕಣ್ಣು ಸದಾ 50 ಹರ್ಟ್ಸ್ ಎಂಬ ಅಂಕಿಯ ಮೇಲೆ. ಬೇಡಿಕೆ ಹೆಚ್ಚಾದರೆ ಅದು ಇಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಏರುತ್ತದೆ. ಗದ್ದಲವಿಲ್ಲದ, ಆದರೆ ಕ್ಷಣವೂ ಮೈಮರೆಯಬಾರದ ಕೆಲಸ. ರಾತ್ರಿ ಪಾಳಿ ಇದೆ, ಅದನ್ನು ಮುಚ್ಚಿಡುವುದಿಲ್ಲ. ಮನೆಯವರು ಅದನ್ನು ಮೊದಲೇ ಯೋಚಿಸಿಕೊಳ್ಳಬೇಕು.

ಇಲ್ಲಿ ಮೌನಿಗಳು ಕಲಿಯಲೇಬೇಕಾದ ಒಂದು ಸಂಗತಿಯಿದೆ. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿನಿಂದ 'ಲೈನ್ ಕ್ಲಿಯರ್' ಪಡೆಯಬೇಕು. ಎಲ್.ಸಿ. ಎನ್ನುತ್ತಾರೆ. ಯಾವ ಫೀಡರ್, ಯಾರು ಕೇಳುತ್ತಿದ್ದಾರೆ, ಎಷ್ಟು ಗಂಟೆಗೆ ಎಂದು ಬರೆದುಕೊಂಡು, ಲೈನ್ ತೆಗೆದು, ಭೂಮಿಗೆ ಜೋಡಿಸಿ, 'ಜನರು ಕೆಲಸ ಮಾಡುತ್ತಿದ್ದಾರೆ' ಎಂಬ ಫಲಕ ತೂಗುಹಾಕಿ, ಆಮೇಲೆ ಕೊಡುತ್ತಾರೆ. ಕೆಲಸ ಮುಗಿದ ಮೇಲೆ ಪಡೆದವರೇ ವಾಪಸು ಕೊಡಬೇಕು. ಅಲ್ಲಿಯವರೆಗೆ ಲೈನ್ ಹಾಕುವಂತಿಲ್ಲ. ಹೇಳಿದ್ದನ್ನು ಕೇಳಿದವರು ತಿರುಗಿ ಹೇಳಬೇಕು, ಊರಿನ ಹೆಸರು ತಪ್ಪು ಕೇಳಿಸಿಕೊಂಡರೆ ಒಂದು ಜೀವ ಹೋಗುತ್ತದೆ. ಎಲ್ಲ ಸೇರಿ ಇಪ್ಪತ್ತು ಮೂವತ್ತು ಮಾತು. ಆದರೆ ಆ ಹೊತ್ತಿನಲ್ಲಿ ಯಾರೋ ದೊಡ್ಡವರು ಫೋನ್ ಮಾಡಿ, "ಅಷ್ಟು ಹೊತ್ತಾಯಿತು, ಇಳಿದಿರುತ್ತಾರೆ, ಲೈನ್ ಹಾಕಮ್ಮ" ಎಂದರೆ? "ಎಲ್.ಸಿ. ವಾಪಸು ಬಂದಿಲ್ಲ ಸಾರ್, ಹಾಕುವುದಿಲ್ಲ" ಎನ್ನಬೇಕು. ಸಂಕೋಚದಿಂದ ಸುಮ್ಮನಾದರೆ ಮೇಲೆ ಇರುವವನ ಹೆಂಡತಿ ಮಕ್ಕಳ ಗತಿ ಏನು? ದಿನವಿಡೀ ಹರಟುವ ಎಷ್ಟೋ ಜನ ಇಂಥ ಹೊತ್ತಿನಲ್ಲಿ ಮೇಲಿನವರ ಮಾತಿಗೆ ಹೂಂಗುಟ್ಟಿಬಿಡುತ್ತಾರೆ. ಮಾತು ಕಡಿಮೆ ಇರುವುದಕ್ಕೂ ಧೈರ್ಯ ಕಡಿಮೆ ಇರುವುದಕ್ಕೂ ಸಂಬಂಧವಿಲ್ಲ. ಎರಡನ್ನೂ ಒಂದೇ ಮಾಡಿ ನೋಡುವುದು ನಮ್ಮ ರೂಢಿ.

ಪೂರ್ತಿ ಬಾಯಿ ಮುಚ್ಚಿಕೊಂಡರೂ ಆಗದು. ಇಂಗ್ಲೆಂಡಿನಲ್ಲಿ 1731ರಿಂದ 1810ರವರೆಗೆ ಬಾಳಿದ ಹೆನ್ರಿ ಕ್ಯಾವೆಂಡಿಷ್ ಎಂಬ ವಿಜ್ಞಾನಿ ಎಷ್ಟು ಸಂಕೋಚದವರೆಂದರೆ ರಾತ್ರಿ ಊಟಕ್ಕೆ ಏನು ಬೇಕೆಂದು ಚೀಟಿಯಲ್ಲಿ ಬರೆದು ಇಡುತ್ತಿದ್ದರಂತೆ. ಮನೆಗೆಲಸದವರು ಎದುರಾಗುವುದನ್ನೂ ತಪ್ಪಿಸುತ್ತಿದ್ದರಂತೆ. ಕರೆಂಟನ್ನು ಅಳೆಯುವ ಸಾಧನ ಇಲ್ಲದ ಕಾಲದಲ್ಲಿ ತಮ್ಮ ಮೈಗೆ ತಗಲುವ ಹೊಡೆತವನ್ನೇ ಅಳತೆಯಾಗಿಟ್ಟುಕೊಂಡು ಪ್ರಯೋಗ ಮಾಡಿದರು. ಇಂದು ನಮ್ಮ ಮಕ್ಕಳು ಹೈಸ್ಕೂಲಿನಲ್ಲಿ ಓದುವ ಓಮನ ನಿಯಮದ ತಿರುಳು ಅವರಿಗೆ ಮೊದಲೇ ಸಿಕ್ಕಿತ್ತು. ಆದರೆ ಯಾರಿಗೂ ಹೇಳಲಿಲ್ಲ, ಅಚ್ಚು ಹಾಕಿಸಲಿಲ್ಲ. ಜರ್ಮನಿಯ ಓಮ್ 1827ರಲ್ಲಿ ಅದನ್ನು ಪ್ರಕಟಿಸಿದರು, ನಿಯಮಕ್ಕೆ ಅವರ ಹೆಸರೇ ನಿಂತಿತು. ಕ್ಯಾವೆಂಡಿಷ್ ಅವರ ಕಾಗದಗಳನ್ನು ಮ್ಯಾಕ್ಸ್‌ವೆಲ್ ಹುಡುಕಿ ಪ್ರಕಟಿಸಿದ್ದು 1879ರಲ್ಲಿ, ಅವರು ಸತ್ತು ಸುಮಾರು 70 ವರ್ಷಗಳಾದ ಮೇಲೆ. ಶ್ರೀಮಂತ ಮನೆತನದವರಾದ್ದರಿಂದ ಅವರ ಹೊಟ್ಟೆಪಾಡಿಗೆ ತೊಂದರೆಯಾಗಲಿಲ್ಲ. ನಮ್ಮ ಮಕ್ಕಳಿಗೆ ಆ ಅನುಕೂಲವಿಲ್ಲ. ಬಾಯಲ್ಲಿ ಹೇಳಲಾಗದಿದ್ದರೆ ಬರೆದಾದರೂ ಹೇಳಲು ಕಲಿಯಬೇಕು. ಅಂತರ್ಮುಖಿಗಳಿಗೆ ಬರವಣಿಗೆ ಸಾಮಾನ್ಯವಾಗಿ ಒಲಿಯುತ್ತದೆ, ವರದಿ ಬರೆಯುವುದು ಇಂಜಿನಿಯರನ ಅರ್ಧ ಕೆಲಸ.

ಉಳಿದ ಕೆಲಸಗಳನ್ನು ಬೇಗ ಹೇಳಿಬಿಡುತ್ತೇನೆ. ಮೀಟರ್ ಪರೀಕ್ಷೆಯ ವಿಭಾಗ, ಟ್ರಾನ್ಸ್‌ಫಾರ್ಮರ್, ಕೇಬಲ್ ಮೊದಲಾದವನ್ನು ಪರೀಕ್ಷಿಸುವ ಪ್ರಯೋಗಾಲಯಗಳು. ಇದಕ್ಕೆಂದೇ 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಬೆಂಗಳೂರಿನಲ್ಲೇ ಇದೆ. ನಿಮ್ಮ ಫ್ರಿಜ್ಜಿನ ಮೇಲೆ ಅಂಟಿಸಿರುವ ನಕ್ಷತ್ರಗಳ ಚೀಟಿಯ ಹಿಂದೆಯೂ ಇಂಥ ಪರೀಕ್ಷೆಗಳಿವೆ. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಪ್ರಕಾರ ಕಾರ್ಖಾನೆಗಳ ವಿದ್ಯುತ್ ಖರ್ಚನ್ನು ತಪಾಸಣೆ ಮಾಡುವ ಎನರ್ಜಿ ಆಡಿಟರ್‌ಗಳಿಗೆ ಪ್ರತ್ಯೇಕ ಪರೀಕ್ಷೆಯಿದೆ. ಪಾವಗಡದಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಇದೆ; ಇಂಥ ಕಡೆ ಯಾವ ಸಾಲಿನ ಪ್ಯಾನೆಲ್ ಕಡಿಮೆ ಕೊಡುತ್ತಿದೆ ಎಂದು ಪರದೆಯ ಮೇಲೆ ನೋಡಿ ಹೇಳುವವರು ಬೇಕು. ಚಿಪ್ ವಿನ್ಯಾಸ, ಎಲೆಕ್ಟ್ರಿಕ್ ವಾಹನಗಳ ಮೋಟಾರ್ ಮತ್ತು ಬ್ಯಾಟರಿ ವಿನ್ಯಾಸ ಬೆಂಗಳೂರಿನಲ್ಲಿ ದೊಡ್ಡ ಉದ್ಯೋಗ. ದೊಡ್ಡ ಓದು ಬೇಡ ಎನ್ನುವವರಿಗೆ ಮೋಟಾರ್ ವೈಂಡಿಂಗ್ ಇದೆ. ಬೋರ್‌ವೆಲ್ಲಿನ ಮೋಟಾರ್ ಸುಡದ ಹಳ್ಳಿ ನಮ್ಮ ತಾಲ್ಲೂಕಿನಲ್ಲಿ ಯಾವುದಿದೆ? ಸುತ್ತು ಎಣಿಸುತ್ತಾ ತಂತಿ ಸುತ್ತುವ ಆ ಕೆಲಸಕ್ಕೆ ಮೌನವೇ ಹಿತ. ಅದು ಗಂಡಸರ ಕೆಲಸವೆಂದು ಯಾರು ತೀರ್ಮಾನಿಸಿದರೋ ನನಗೆ ಗೊತ್ತಿಲ್ಲ.

ಒಗ್ಗದ ಕೆಲಸಗಳನ್ನೂ ಹೇಳಬೇಕು. ವಿದ್ಯುತ್ ಕಂಪನಿಯ ಸೆಕ್ಷನ್ ಆಫೀಸಿನ ಹೊಣೆ ಬಂದರೆ ಬೆಳಗಿನಿಂದ ರಾತ್ರಿವರೆಗೆ ಜನ, ಫೋನು, ದೂರು, ಬಾಕಿ ವಸೂಲಿ. ಯಂತ್ರಗಳನ್ನು ಮಾರುವ ಕೆಲಸ ಪೂರ್ತಿ ಮಾತಿನದೇ. ಕಟ್ಟಡದ ಕೆಲಸ ನಡೆಯುವ ಕಡೆ ಗುತ್ತಿಗೆದಾರರ ಜೊತೆ ದಿನಾ ಜಗ್ಗಾಟ. ಸರಕಾರಿ ನೌಕರಿಯಲ್ಲಿ ವರ್ಗಾವಣೆಯೂ ಉಂಟು. ಇವನ್ನು ತಿಳಿದು ಮುಂದುವರಿದರೆ ಆಮೇಲೆ ಕಣ್ಣೀರಿಡಬೇಕಾಗಿಲ್ಲ. ಪದವಿ ಒಂದೇ ಆದರೂ ಅದರೊಳಗೆ ಕೆಲಸ ನೂರು ಬಗೆ, ಆರಿಸಿಕೊಳ್ಳಲು ಸಾಧ್ಯ ಎಂಬುದೇ ಈ ಓದಿನ ಅನುಕೂಲ.

ಕಂಪನಿಗಳ ಸಂದರ್ಶನ ಮೌನಿಗಳಿಗೆ ಕಷ್ಟದ ಹೊಳೆ. ನಾನು ಕಂಡಂತೆ ಅದನ್ನು ದಾಟಿದ ಹುಡುಗಿಯರು ಮಾತುಗಾರ್ತಿಯರಾಗಿ ಬದಲಾದವರಲ್ಲ. ತಾವು ಮಾಡಿದ ಪ್ರಾಜೆಕ್ಟಿನ ನಕ್ಷೆ, ಲೆಕ್ಕ, ಫೋಟೋ ಎಲ್ಲವನ್ನೂ ಒಂದು ಫೈಲಿನಲ್ಲಿ ಅಚ್ಚುಕಟ್ಟಾಗಿ ಜೋಡಿಸಿಕೊಂಡು ಹೋದವರು. 'ನಿಮ್ಮ ಬಗ್ಗೆ ಹೇಳಿ' ಎಂದಾಗ ತಡವರಿಸಿದರೂ 'ಇದನ್ನು ಹೇಗೆ ಮಾಡಿದಿರಿ' ಎಂದಾಗ ಅವರ ಬಾಯಿ ತಾನಾಗಿ ಬಿಚ್ಚುತ್ತದೆ. ಮನೆಯಲ್ಲಿ ನೀವೂ ಇದನ್ನು ಮಾಡಬಹುದು. ನೆಂಟರು ಬಂದಾಗ "ಮಾತಾಡೇ, ನಾಲಗೆ ಇಲ್ವಾ?" ಎಂದು ಎಲ್ಲರೆದುರು ಹಂಗಿಸಬೇಡಿ. ಅದರ ಬದಲು ಕರೆಂಟ್ ಬಿಲ್ಲನ್ನು ಅವಳ ಕೈಗೆ ಕೊಟ್ಟು, ಈ ತಿಂಗಳು ಏಕೆ ಜಾಸ್ತಿ ಬಂತೆಂದು ಹುಡುಕಿ ಅಬ್ಬಾಗೆ ವಿವರಿಸಲು ಹೇಳಿ. ಗ್ಯಾಸ್ ಬುಕ್ ಮಾಡುವುದು, ಬ್ಯಾಂಕಿನಲ್ಲಿ ಚಲನ್ ತುಂಬುವುದು, ಬಸ್ಸಿನ ಸಮಯ ಕೇಳಿ ತಿಳಿಯುವುದು ಇವನ್ನು ತಮ್ಮನಿಗೆ ಬಿಡದೆ ಅವಳಿಂದಲೇ ಮಾಡಿಸಿ. ಅವಳು ಒಮ್ಮೆ 'ಬೇಡ' ಎಂದರೆ ಆ 'ಬೇಡ'ಕ್ಕೆ ಮನೆಯಲ್ಲಿ ಬೆಲೆ ಕೊಡಿ. ಮನೆಯಲ್ಲಿ ಎಂದೂ ನಡೆಯದ 'ಬೇಡ' ಸಬ್‌ಸ್ಟೇಷನ್ನಿನಲ್ಲಿ ಹೇಗೆ ಹೊರಡೀತು?

ದಾರಿಗಳು ಮೂರು. ಎಸ್.ಎಸ್.ಎಲ್.ಸಿ. ಆದ ಮೇಲೆ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷ. ಅಥವಾ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮೂರು ವರ್ಷ. ಮುಗಿಸಿ ಡಿಸಿಇಟಿ ಬರೆದರೆ ಇಂಜಿನಿಯರಿಂಗಿನ ಎರಡನೇ ವರ್ಷಕ್ಕೆ ನೇರ ಪ್ರವೇಶ. ಇಲ್ಲವೇ ಭೌತಶಾಸ್ತ್ರ, ಗಣಿತ ಇರುವ ವಿಜ್ಞಾನ ಪಿ.ಯು.ಸಿ. ಓದಿ ಸಿಇಟಿ ಬರೆದು ನಾಲ್ಕು ವರ್ಷದ ಪದವಿ. ಎಲ್ಲರೂ ಕಂಪ್ಯೂಟರ್ ಸೈನ್ಸಿಗೆ ನೂಕುನುಗ್ಗಲು ಮಾಡುವುದರಿಂದ ಒಳ್ಳೆಯ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಸೀಟು ಅದಕ್ಕಿಂತ ಸುಲಭವಾಗಿ ಸಿಗುತ್ತದೆ. ಹಾಸ್ಟೆಲಿನಲ್ಲಿ ಬಿಡಲು ಮನಸ್ಸಿಲ್ಲದವರಿಗೆ ಡಿಪ್ಲೊಮಾ ದಾರಿಯೇ ಒಳ್ಳೆಯದೆಂದು ನನ್ನ ಅಭಿಪ್ರಾಯ. ಮಗಳೂ ಮನೆಯವರೂ ಒಂದೊಂದೇ ಮೆಟ್ಟಿಲು ಹತ್ತಬಹುದು.

ಫೀಸಿನ ಚಿಂತೆಯಿರುವವರು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ 'ಅರಿವು' ಸಾಲ ಯೋಜನೆಯ ಬಗ್ಗೆ ವಿಚಾರಿಸಿ. ಸಿಇಟಿ ಮೂಲಕ ವೃತ್ತಿಪರ ಕೋರ್ಸಿಗೆ ಸೇರುವ ಮಕ್ಕಳಿಗೆ ಅದು ಸಿಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳದೆ ಫಲಿತಾಂಶ ಬರುವ ಮೊದಲೇ ನಾಡಕಚೇರಿಯಲ್ಲಿ ಅರ್ಜಿ ಹಾಕಿ ಮಾಡಿಸಿಟ್ಟುಕೊಳ್ಳಿ. ಹೋಗುವಾಗ ಮಗಳನ್ನೂ ಕರೆದುಕೊಂಡು ಹೋಗಿ, ಕೌಂಟರಿನಲ್ಲಿ ಅವಳೇ ಮಾತಾಡಲಿ.